ಏಳನೆಯ ಲಾಕಿನಲ್ಲಿ ಬೇಳೆ

ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಮುನ್ನೂರು ತಟ್ಟೆಗೆ ಬಡಿಸಿದ ಕೈ ಇದು.
ಐದು ಜನಕ್ಕೆ ಎಷ್ಟು ಆಲೂಗಡ್ಡೆ ಅಂದರೆ
ತಡವರಿಸುತ್ತದೆ.
‘ಅರವತ್ತರಿಂದ ಭಾಗಿಸು, ಗ್ಲೆನಿಸ್’ ಅಂದ ತಮ್ಮ ಎಮ್ಲಿನ್.
ಭಾಗಿಸಿದೆ. ಎಲೆಕೋಸು ಅರ್ಧ ಬಂತು,
ಮೊಟ್ಟೆ ಆರೂಕಾಲು ಬಂತು,
ಸಾಲದೇ ಹೋದೀತೆಂಬ ಹೆದರಿಕೆ ಮಾತ್ರ
ಮುನ್ನೂರು ಜನದ್ದು ಹಾಗೇ ಉಳಿಯಿತು.

ಬಿಸ್ಕತ್ತಿನ ಡಬ್ಬಿಯಲ್ಲಿ ಎಪ್ಪತ್ತು ಪೌಂಡು, ಏಳು ದಿನ.
ಅದರಲ್ಲಿ ಇಪ್ಪತ್ತು ಸೊಸೆ ಪೆಟ್ರಾ ಹಾಕಿದ್ದು.
ಹೇಗೆ ಉಳಿಸಿದೆ ಅಂತ ನಾನು ಕೇಳಲಿಲ್ಲ.
ಮಗ ಬಿಟ್ಟುಹೋದ ಮೇಲೂ
ನನ್ನನ್ನು ಬಿಡದೆ ಉಳಿಸಿಕೊಂಡವಳು.

ಗ್ಯಾಸ್ ಬಿಲ್ಲಿನ ಲಕೋಟೆಯ ಬೆನ್ನಿಗೆ ವಾರವನ್ನು ಬರೆದೆ.
ಬೆಳಿಗ್ಗೆ ಓಟ್ಸ್ ಗಂಜಿ, ಚರ್ಚೆಯಿಲ್ಲ.
ಭಾನುವಾರ ಉಳಿದ ಆಲೂಗಡ್ಡೆಗೆ ಸೋಮವಾರ
ಎಲೆಕೋಸಿನ ಜೊತೆ ಬಾಣಲೆಯಲ್ಲಿ ಮರುಮದುವೆ.
ಟೂನಾ ಡಬ್ಬಿ ಎರಡು, ಮೂರು ಬೇಡ.
ಬ್ರೆಡ್ಡು ಮೊದಲು ಹಾಗೇ, ಆಮೇಲೆ ಸುಟ್ಟು,
ಒಣಗಿದ್ದನ್ನು ಹಾಲಲ್ಲಿ ನೆನೆಸಿ ಪುಡಿಂಗು.
ಫ್ರಿಜ್ಜು ಟೋಪಿಯ ಪೆಟ್ಟಿಗೆಯಷ್ಟು. ಒಲೆಗೆ ಎರಡೇ ಕಣ್ಣು,
ಅದರಲ್ಲೊಂದಕ್ಕೆ ಪೊರೆ.
ಒಲೆ ಇದ್ದಷ್ಟೇ ಪಾತ್ರೆ ಚಾಚಬೇಕು.

ದೋಣಿಯ ಹೆಸರು ಸ್ಯಾಂಡ್‌ಪೈಪರ್. ಅಗಲ ಏಳಡಿ,
ಅವಸರ ಗಂಟೆಗೆ ಮೂರು ಮೈಲಿ.
ದಡದಲ್ಲಿ ನಾಯಿ ಹಿಡಿದ ಮುದುಕನೊಬ್ಬ
ನಮ್ಮನ್ನು ಹಿಂದೆ ಹಾಕಿ, ಟೋಪಿ ಎತ್ತಿ, ಹೋದ.
ಗಡಿಯಾರ ನೋಡಿ ಬೇಯಿಸುವ ಜಾಗವಲ್ಲ ಇದು.
ಒಂದು ಲಾಕು ತುಂಬುವಷ್ಟರಲ್ಲಿ ಚಹಾ,
ಎರಡಕ್ಕೆ ಆಲೂಗಡ್ಡೆ.
ರೋವನ್ ಲಾಕಿನ ತೊಲೆಗೆ ಬೆನ್ನು ಕೊಟ್ಟು ಕೂಗುತ್ತಾನೆ,
‘ಅಜ್ಜೀ, ಎರಡಾಯಿತು!’
ನಾನು ಫೋರ್ಕು ಚುಚ್ಚಿ ನೋಡುತ್ತೇನೆ.

ಬುಧವಾರ ಆಡ್ಲೆಮ್. ಹದಿನೈದು ಲಾಕು, ನೀರಿಗೆ ಕಟ್ಟಿದ ಮೆಟ್ಟಿಲು.
ಮಾಂಸದಂಗಡಿಯವ ಹಂದಿಮೂಳೆ ಪುಕ್ಕಟೆ ಕೊಟ್ಟಿದ್ದ
(ನಾಯಿಗೆ ಅಂದಿದ್ದೆ. ನಮಗೆ ನಾಯಿ ಇಲ್ಲ).
ಬಟಾಣಿ ಬೇಳೆ, ಈರುಳ್ಳಿ, ಎರಡು ಕ್ಯಾರೆಟ್:
ಐದರಲ್ಲಿ ಒಲೆಗಿಟ್ಟರೆ ಹದಿನೈದಕ್ಕೆ ಹದ ಅಂದುಕೊಂಡೆ.
ಏಳನೆಯದರಲ್ಲಿ ಉರಿ ನೀಲಿಯಿಂದ ಹಳದಿಗೆ ತಿರುಗಿ
ಪುಸ್ಸೆಂದು ಸತ್ತಿತು.
ಸಿಲಿಂಡರ್ ಖಾಲಿ. ಬದಲಿ ಸಿಲಿಂಡರೂ ಖಾಲಿ,
ಯಾರೋ ಪುಣ್ಯಾತ್ಮರು ತುಂಬಿಸದೆ ಬಿಟ್ಟದ್ದು.
ಬೇಳೆ ಇನ್ನೂ ಗುಂಡಿನ ಹಾಗೆ.
ಟೆಗನ್ ಅಳುಮುಖ ಮಾಡಿದಳು. ಎಮ್ಲಿನ್ ಮೆಲ್ಲಗೆ
ಹಿಂದೆ ಬಿಟ್ಟ ಪಬ್ಬಿನ ಮಾತೆತ್ತಿದ.
ಐದು ಜನಕ್ಕೆ ಪಬ್ಬಿನ ಊಟ! ಡಬ್ಬಿಯೂ ಖಾಲಿಯಾದೀತು.

ಅಮ್ಮ ನೆನಪಾದಳು. ಕಲ್ಲಿದ್ದಲು ಅಳೆದು ಕೊಡುತ್ತಿದ್ದ ಕಾಲ;
ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಪಾತ್ರೆ ಹೂತು
ಗಿರಣಿಗೆ ಹೋಗಿಬಿಡುತ್ತಿದ್ದಳು.
ಕುದಿ ಇಳಿಯುವ ಮುನ್ನ ಮುಚ್ಚಳ ಬಿಗಿದು, ಟವಲು ಸುತ್ತಿ,
ಪೆಟ್ರಾಳ ಮಲಗುಚೀಲದೊಳಗಿಟ್ಟು ಜಿಪ್ ಎಳೆದೆ.
ಮೇಲೊಂದು ದಿಂಬು. ರೋವನ್ ಅದಕ್ಕೆ ಕತೆ ಓದಿದ.

ಎಂಟು ಲಾಕು ಯಾರೂ ಮುಟ್ಟಕೂಡದು.
ಕಾಯುವುದಕ್ಕೆ ಉರಿಯೇ ಬೇಕೆಂದಿಲ್ಲ.
ಪೆಟ್ರಾ ತಿರುಗಣೆ ತಿರುಗಿಸಿ ನೀರು ಬಿಟ್ಟಳು,
ಮುಂದಿನದಕ್ಕೆ ನಡೆದು ಮತ್ತೆ ತಿರುಗಿಸಿದಳು,
ತೋಳು ನಡುಗುವವರೆಗೆ. ಹನ್ನೊಂದನೆಯದರಲ್ಲಿ
ವರ್ಷದಿಂದ ಆಡದ ಹೆಸರು ಆಡಿದಳು:
‘ಗೆರೈಂಟ್ ಇದ್ದಿದ್ದರೆ ಇಷ್ಟೊತ್ತಿಗೆ
ನಾಲ್ಕು ಸಲ ಮುಚ್ಚಳ ತೆಗೆದಿರುತ್ತಿದ್ದ.’
ನಕ್ಕೆವು. ನಿಜ, ಚಿಕ್ಕಂದಿನಿಂದಲೂ ಹಾಗೇ.

ಕೊನೆಯ ಬಾಗಿಲು ದಾಟಿ ಜಿಪ್ ಬಿಚ್ಚಿದೆ. ಹಬೆ
ಅವಳ ಕನ್ನಡಕ ಮುಚ್ಚಿತು. ಬೇಳೆ ಬೆಣ್ಣೆ.
ಮಲಗುಚೀಲಕ್ಕೆ ಇನ್ನು ಮೂರು ರಾತ್ರಿ ಹಂದಿಮಾಂಸದ ವಾಸನೆ.
‘ಬೆಚ್ಚಗಿತ್ತು’ ಅಂದಳು ಮಾರನೆಯ ಬೆಳಿಗ್ಗೆ, ಅಷ್ಟೆ.

ಶನಿವಾರ ಕೀಲಿ ಕೊಡುವಾಗ ಡಬ್ಬಿಯಲ್ಲಿ ನಾಲ್ಕು ಪೌಂಡು.
ಮಕ್ಕಳಿಗೆ ಐಸ್‌ಕ್ರೀಮು.
ಬೀರುವಿನಲ್ಲಿ ಒಂದು ಈರುಳ್ಳಿ ಬಿಟ್ಟುಬಂದೆ,
ಮುಂದಿನವರು ಅಲ್ಲಿಂದ ಶುರುಮಾಡಲಿ.
ಮೂಳೆಯನ್ನೋ, ಶುಕ್ರವಾರ ಸಂಜೆಯೇ
ದಡದಲ್ಲಿ ಯಾರದೋ ನಾಯಿಗೆ ಹಾಕಿದ್ದೆ.
ಅಂಗಡಿಯವನಿಗೆ ಹೇಳಿದ ಸುಳ್ಳು
ಎರಡು ದಿನ ತಡವಾಗಿ ನಿಜವಾಯಿತು.