ಒಂದಕ್ಕೆ ಹನ್ನೆರಡು

ನನ್ನ ಕುತ್ತಿಗೆಯಲ್ಲಿ ಸದಾ ಒಂದು ಟೇಪು.
ಜೆಪ್ಪುವಿನ ಅರ್ಧ ಹೆಂಗಸರ ಎದೆ, ತೋಳು, ಬೆನ್ನಿನ ಅಳತೆ
ಅದಕ್ಕೆ ಬಾಯಿಪಾಠ.
ಉಳಿದ ಹೊತ್ತು ಅದು ಮೆಟ್ಟಿಲು ಅಳೆಯುತ್ತದೆ.

ಸ್ಟೇಟ್‌ಬ್ಯಾಂಕಿನಲ್ಲಿ ನಿಲ್ಲುವ ಸಿಟಿ ಬಸ್ಸಿನ ಮೊದಲ ಮೆಟ್ಟಿಲು:
ಹದಿನೇಳು ಇಂಚು.
ದುಂಬು ಪೋಲೆ, ದುಂಬು ಪೋಲೆ ಎನ್ನುತ್ತಾನೆ ಕಂಡಕ್ಟರ್,
ನನಗಲ್ಲ.
ಎಟಿಎಮ್ಮಿಗೆ ಎರಡು ಮೆಟ್ಟಿಲು, ತಲಾ ಏಳೂವರೆ.
ಇಗರ್ಜಿಗೆ ಒಂಬತ್ತು. ದೇವರು ಮೇಲಿದ್ದಾನೆ, ಸರಿ,
ಅಷ್ಟು ಮೇಲಿರಬೇಕೆಂದಿಲ್ಲ.

ಕಚೇರಿಯವರು ಕೇಳಿದರು: ರ‍್ಯಾಂಪ್ ಉಂಟಲ್ಲ?
ಉಂಟು.
ಎರಡಡಿ ಎತ್ತರಕ್ಕೆ ಆರಡಿ ಉದ್ದ,
ಮಕ್ಕಳ ಜಾರುಬಂಡೆಗೆ ಹೇಳಿ ಮಾಡಿಸಿದ ಹಾಗೆ.
ಬುಡದಲ್ಲಿ ಗಾಲಿಕುರ್ಚಿಯ ನೀಲಿ ಚಿತ್ರ, ಬಣ್ಣ ಇನ್ನೂ ಹೊಸದು;
ಅದರಲ್ಲಿ ಕುಳಿತವನಿಗೆ ಮುಖವಿಲ್ಲ,
ಬೆವರೂ ಇಲ್ಲ.
ಫೋಟೋ ತೆಗೆದು ಮೇಲಿನವರಿಗೆ ಕಳಿಸಿಯಾಗಿದೆ.

"ನಾವು ಎತ್ತಿಕೊಂಡು ಹೋಗ್ತೇವಲ್ಲ ಬಾಯಮ್ಮ,
ಎಂತಕ್ಕೆ ಬೇಜಾರು?" ಎಂದ ಪಿಯೋನ್.
ಎತ್ತಿದ್ದಾರೆ. ನಲವತ್ತೊಂದು ವರ್ಷ ಎತ್ತಿದ್ದಾರೆ.
ಊರಿನ ಕಂಕುಳಿನ ವಾಸನೆ ನನಗೆ ಗೊತ್ತು.
ಎತ್ತಿದ ಕೈ ಎಲ್ಲೆಲ್ಲಿ ಮೈಮರೆತು ನಿಂತಿತೆಂದೂ ಗೊತ್ತು.

ಎರಡು ಸಾವಿರದ ಹದಿನಾರರ ಕಾಯ್ದೆ
ನನ್ನ ಹೊಲಿಗೆ ಯಂತ್ರದ ಡ್ರಾವರಿನಲ್ಲಿದೆ,
ಜೆರಾಕ್ಸ್ ಪ್ರತಿ, ಬಾಬಿನ್‌ಗಳ ಜೊತೆ, ಮೂಲೆಯಲ್ಲಿ ಎಣ್ಣೆಯ ಕಲೆ.
ಇಪ್ಪತ್ತೊಂದು ಬಗೆಯ ದೇಹಮನಸ್ಸುಗಳಿಗೆ ಅದರಲ್ಲಿ ಹೆಸರುಂಟು.
ಒಳ್ಳೆಯ ಬಟ್ಟೆ. ನೇಯ್ಗೆಯಲ್ಲಿ ತಪ್ಪಿಲ್ಲ.
ಹೊಲಿದವನು ಮಾತ್ರ
ಅಳತೆಗೆಂದು ಯಾರನ್ನೂ ಕರೆಯಲಿಲ್ಲ.

ಬಂದರಿನ ರಝಾಕ್, ಕಣ್ಣಿಲ್ಲದವನು,
ಆ ಕಚೇರಿಯ ಹೊಸ ಲಿಫ್ಟಿನ ಗುಂಡಿ ಮುಟ್ಟಿ ನಕ್ಕ:
"ಬ್ರೈಲ್ ತಲೆಕೆಳಗೆ ಅಂಟಿಸಿದ್ದಾರೆ ಸೆಲಿನಕ್ಕ,
ಶೀರ್ಷಾಸನ ಹಾಕಿದರೆ ಎರಡನೇ ಮಾಳಿಗೆ."
ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.
ಲಿಫ್ಟು ಹೇಗೂ ಕೆಟ್ಟಿತ್ತು.

ಅರ್ಜಿ ಬರೆದೆ. ಪರಿಶೀಲನೆಯಲ್ಲಿದೆ ಎಂದರು.
ಮತ್ತೆ ಬರೆದೆ. ಮತ್ತೆ ಪರಿಶೀಲನೆಯಲ್ಲಿತ್ತು.
ಮೂರನೆಯದರೊಳಗೆ ಹಳೆಯ ಟೇಪೊಂದನ್ನು ಕತ್ತರಿಸಿ ಇಟ್ಟೆ,
ಸರಿಯಾಗಿ ಇಪ್ಪತ್ತನಾಲ್ಕು ಇಂಚು:
ಇದು ನಿಮ್ಮ ಜಗಲಿಯ ಎತ್ತರ. ಇದನ್ನೇ ನೆಲದ ಮೇಲೆ
ಹನ್ನೆರಡು ಸಲ ಹಾಸಿ, ಸ್ವಾಮಿ.

ಒಂದು ಭಾನುವಾರ ಮೋನಪ್ಪ ಮೇಸ್ತ್ರಿ ಬಂದರು,
ಕೈಯಲ್ಲಿ ಆ ತುಂಡು.
ಮೊದಲಿನ ರ‍್ಯಾಂಪ್ ಕಟ್ಟಿದ್ದು ಅವರೇ.
"ಹೇಳಿದಷ್ಟು ಕಟ್ಟಿದೆ. ಹತ್ತುವವರು ಯಾರೆಂದು
ಯಾರೂ ಹೇಳಲಿಲ್ಲ."
ನನ್ನ ಬಟ್ಟೆಯ ಚಾಕಿನಲ್ಲೇ ಅಂಗಳಕ್ಕೆ ಗೆರೆ ಎಳೆದರು.
ಒಂದಕ್ಕೆ ಹನ್ನೆರಡು.
ಗೆರೆ ತುಳಸಿಯಿಲ್ಲದ ನನ್ನ ಅಂಗಳ ದಾಟಿತು, ಬಾವಿಕಟ್ಟೆ ದಾಟಿತು,
ಗ್ರೇಟ್ಟಾಬಾಯಿಯ ಕೋಳಿಗೂಡಿಗೆ ಹೋಗಿ ನಿಂತಿತು.
"ಸಾಹೇಬರ ಕಾರು ನಿಲ್ಲುವ ಜಾಗಕ್ಕೆ ತಾಗ್ತದಲ್ಲ."
ತಾಗಲಿ, ಎಂದೆ.
ಅವರು ನಗಲಿಲ್ಲ. ಚಾ ಕುಡಿದರು.
ಹೊರಡುವಾಗ ನನ್ನ ಕುರ್ಚಿಯ ಗಾಲಿಯನ್ನು
ಗಾರೆಯ ಹದ ನೋಡುವ ಹಾಗೆ
ಹೆಬ್ಬೆರಳಿನಿಂದ ಒತ್ತಿ ನೋಡಿದರು.

ಆಮೇಲೆ ಹನ್ನೊಂದು ತಿಂಗಳು.

ಕೆಂಪುಕಲ್ಲಿನ ಅಂಚು, ಎರಡು ಕಡೆ ಹಿಡಿಕೆ,
ನಡುವೆ ಒಂದು ತಿರುವು, ತಿರುವಿನಲ್ಲಿ
ಉಸಿರು ತೆಗೆಯಲು ಐದಡಿ ಸಮತಟ್ಟು.
ಸಿಮೆಂಟು ಹಸಿ ಇದ್ದಾಗಲೇ ಒಂದು ನಾಯಿ
ನನಗಿಂತ ಮೊದಲು ಹತ್ತಿದೆ; ನಾಲ್ಕು ಹೆಜ್ಜೆ,
ಆಮೇಲೆ ಮನಸ್ಸು ಬದಲಿಸಿದೆ.

ನಾನು ಬದಲಿಸಲಿಲ್ಲ.
ಅಂಗೈ ಬಿಸಿಯಾಯಿತು. ತಿರುವಿನಲ್ಲಿ ನಿಂತೆ,
ಸುಮ್ಮನೆ, ದಣಿವಿಗಲ್ಲ,
ಅರ್ಧ ದಾರಿಯಲ್ಲಿ ನನ್ನಿಷ್ಟಕ್ಕೆ ನಿಲ್ಲುವುದು
ಹೇಗಿರುತ್ತದೆಂದು ನೋಡಲು.

ಮೇಲೆ ಸೆಖೆ. ಫ್ಯಾನಿನ ಕಿರುಗು. ಸ್ಟಾಂಪು ಗುದ್ದುವ ಸದ್ದು.
ಕೌಂಟರಿನ ಅಂಚು ನನ್ನ ಹಣೆಗೆ ಸಮ.
"ಯಾರು? ಯಾರೂ ಕಾಣುವುದಿಲ್ಲವಲ್ಲ"
ಎಂದಿತು ಆಚೆಯ ಧ್ವನಿ, ಬಗ್ಗದೆ.

ಕುತ್ತಿಗೆಯಿಂದ ಟೇಪು ತೆಗೆದೆ.
ನಲವತ್ತೆಂಟು.
ಬರೆದುಕೊಂಡೆ.