ಹದಿನೇಳನೇ ಪ್ರಶ್ನೆ, ಹತ್ತು ಅಂಕ

ಸಾಲಗಾಮೆ ರಸ್ತೆಯ ಕಾಲೇಜು, ಮೇಲ್ಮಹಡಿ, ಮೇ ತಿಂಗಳು.
ಫ್ಯಾನು ಹಾಕಿದರೆ ಉತ್ತರಗಳು ಹಾರುತ್ತವೆ,
ಆರಿಸಿದರೆ ನಾವು ಬೇಯುತ್ತೇವೆ.
ದಿನಕ್ಕೆ ಮೂವತ್ತಾರು ಪತ್ರಿಕೆ, ಒಂದಕ್ಕಿಷ್ಟು ಅಂತ ಕೂಲಿ.
ಮುಖ್ಯ ಪರೀಕ್ಷಕರು ಬೋರಲಿಂಗೇಗೌಡರು
ಕನ್ನಡಕದ ಮೇಲಿಂದ ನಮ್ಮನ್ನು ಎಣಿಸುತ್ತಾರೆ.

ಹದಿನೇಳನೇ ಪ್ರಶ್ನೆ: ಇಪ್ಪತ್ತನೇ ಶತಮಾನದ ಆರಂಭದ
ಮೂವರು ಅಮೆರಿಕ ಅಧ್ಯಕ್ಷರ ವಿದೇಶಾಂಗ ನೀತಿಗಳನ್ನು ಹೋಲಿಸಿ.
ಕೀ ಉತ್ತರ ಸಲೀಸು.
ರೂಸ್‌ವೆಲ್ಟ್, ದೊಣ್ಣೆ. ಟಾಫ್ಟ್, ಡಾಲರು. ವಿಲ್ಸನ್, ಧರ್ಮ.
ತಲಾ ಮೂರು. ಪೀಠಿಕೆಗೆ ಒಂದು.
ನಾನೇ ಮಾಡಿದ ಪಾಠ, ಇಪ್ಪತ್ತೆರಡು ವರ್ಷ.
ಬೋರ್ಡಿನ ನಡುವೆ ಪನಾಮ ಕಾಲುವೆ ತೋಡಿದ್ದೇನೆ,
ಎಷ್ಟೋ ಸೀಮೆಸುಣ್ಣ ಅದರೊಳಗೆ ಮುರಿದು ಬಿದ್ದಿವೆ.

ಬೆಳಿಗ್ಗೆಯಿಂದ ದೊಣ್ಣೆ, ಡಾಲರು, ಧರ್ಮ;
ದೊಣ್ಣೆ, ಡಾಲರು, ಧರ್ಮ.
ಒಬ್ಬ ಡಾಲರ್ ಧರ್ಮ ಅಂತ ಬರೆದು ಒಂದಂಕ ಕಳಕೊಂಡ.

ಆಮೇಲೆ ಈ ಪತ್ರಿಕೆ. ಹೆಸರಿಲ್ಲ, ಬರೀ ಸಂಕೇತ ಸಂಖ್ಯೆ.
ಎಡಕ್ಕೆ ವಾಲಿದ ಅಕ್ಷರ, ಅಗ್ಗದ ನೀಲಿ ಪೆನ್ನು.
ಸಂಜೆ ಕಾಲೇಜಿನ ಕೊನೆ ಬೆಂಚಿನವಳೋ,
ಆಲೂರಿನಿಂದ ನಿಂತುಕೊಂಡೇ ಬರುತ್ತಿದ್ದ ಹುಡುಗನೋ.
ಪುಟದ ಅಂಚಿಗೆ ಕಾಫಿ ಹೊಟ್ಟಿನ ವಾಸನೆ;
ಅದು ನನ್ನ ಭ್ರಮೆಯೂ ಇರಬಹುದು.

"ನಮ್ಮವ್ವ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುತ್ತಾಳೆ.
ಕರೀದು ಈ ಕಡೆ, ಒಡಕು ಆ ಕಡೆ, ಒಳ್ಳೇದು ಹಡಗಿಗೆ.
ಅವಳು ಮೂವರು ಮೇಸ್ತ್ರಿಗಳನ್ನು ಕಂಡಿದ್ದಾಳೆ.
ಆದ್ದರಿಂದ ಈ ಪ್ರಶ್ನೆ ನನಗೆ ಕಷ್ಟವಾಗಲಿಲ್ಲ.

ಮೊದಲನೆಯವನು ಯಾರಿಗೂ ಹೊಡೆದವನಲ್ಲ.
ಬೆತ್ತವನ್ನು ತಕ್ಕಡಿಗೆ ಒರಗಿಸಿಟ್ಟು
ಊಟ ಆಯ್ತೇನ್ರವ್ವ ಅಂತ ಕೇಳುತ್ತಿದ್ದ.
ಎರಡು ಷೆಡ್ಡಿನ ನಡುವೆ ದಾರಿ ಬೇಕು ಅಂದ.
ಅಲ್ಲಿ ಕೆಂಚವ್ವನ ಗುಡಿಸಲು ಇತ್ತು.
ಆಮೇಲೆ ದಾರಿ ಇತ್ತು.

ಎರಡನೆಯವನಿಗೆ ಬೆತ್ತ ಕಂಡರೆ ನಗು.
ಅಡ್ವಾನ್ಸು ಕೊಟ್ಟ: ಮದುವೆಗೆ, ಹೆರಿಗೆಗೆ, ಹೆಂಚಿಗೆ.
ಎಲ್ಲರ ಪಾಸ್‌ಬುಕ್ಕುಗಳೂ ಅವನ ಡ್ರಾಯರಿನಲ್ಲಿ ಮಲಗಿದವು.
ನಿಕರಾಗುವದಲ್ಲೂ ಸುಂಕದ ಕಟ್ಟೆಯ ಬೀಗದ ಕೈ
ಸಾಲ ಕೊಟ್ಟವರ ಸೊಂಟದಲ್ಲಿತ್ತಂತೆ.
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ
ಅವ್ವ ಆರು ವರ್ಷ ಹೇಳಿಕೊಂಡಳು.

ಮೂರನೆಯವನು ಓದಿದವನು, ಕಣ್ಣಲ್ಲಿ ನೀರು ಬೇಗ.
ನಿಮ್ಮ ನಾಯಕಿಯನ್ನು ನೀವೇ ಆರಿಸಿ ಅಂದ.
ಬೀಜ ಆರಿಸುವವರಿಗೆ ಆರಿಸೋದು ಹೇಳಿಕೊಡಬೇಕೆ?
ಪುಟ್ಟಲಿಂಗಮ್ಮನನ್ನು ಆರಿಸಿದರು.
ಅವಳು ಎದ್ದು ನಿಂತು, ತಕ್ಕಡಿ ಪರೀಕ್ಷೆ ಮಾಡಿಸಿ ಅಂದಳು.
ನೀವು ಒಳ್ಳೆಯವರನ್ನು ಆರಿಸಲಿಲ್ಲ, ಇನ್ನೊಮ್ಮೆ ಆರಿಸಿ ಅಂತ
ಒಂಬತ್ತು ದಿನ ಗೇಟು ಹಾಕಿದ. ನೊಂದುಕೊಂಡೇ ಹಾಕಿದ.
ವೆರಾಕ್ರೂಝಿಗೆ ಯುದ್ಧದ ಹಡಗು ಕಳಿಸಿದ್ದೂ
ಹೀಗೇ ನೊಂದುಕೊಂಡು ಇರಬೇಕು.

ವ್ಯತ್ಯಾಸಗಳು ಇಲ್ಲವೇ ಅಂದರೆ, ಇವೆ.
ಅವ್ವನಿಗೆ ಎರಡನೆಯವನೇ ವಾಸಿ,
ನನ್ನ ತಂಗಿ ಬದುಕಿದ್ದು ಅವನ ದುಡ್ಡಿನಲ್ಲಿ.
ನನಗೆ ಸಿಟ್ಟು ಮೂರನೆಯವನ ಮೇಲೆ,
ಅವನೊಬ್ಬನನ್ನು ನಾವು ನಂಬಿದ್ದೆವು.
ಮೂವರ ಕಾಲದಲ್ಲೂ ಬದಲಾಗದೇ ಇದ್ದದ್ದು ಒಂದಿದೆ, ಅದು"

ಅಷ್ಟೇ. ಗಂಟೆ ಹೊಡೆದಿರಬೇಕು.
ಅದು ಆದ ಮೇಲೆ ಪೆನ್ನಿನದೊಂದು ಉದ್ದ ಗೀರು,
ಯಾರೋ ಕೈಯಿಂದ ಹಾಳೆ ಎಳೆದುಕೊಂಡ ಹಾಗೆ.
ಪುಟ ತಿರುಗಿಸಿದೆ. ಹೆಚ್ಚುವರಿ ಹಾಳೆ ಕಟ್ಟಿತ್ತೇನೋ ಅಂತ
ಮೂಲೆ ನೋಡಿದೆ. ತೂತಿದೆ, ದಾರವಿಲ್ಲ.

ಕೀ ಉತ್ತರದಲ್ಲಿ ಮೇಸ್ತ್ರಿಗೆ ಅಂಕವಿಲ್ಲ.
ನಾಲ್ಕು ಹಾಕಿದೆ. ಹೊಡೆದು ಹಾಕಿ ಏಳು ಬರೆದೆ.
ತಿದ್ದಿದಲ್ಲಿ ಸಹಿ ಮಾಡಬೇಕು, ಅದು ನಿಯಮ;
ಸಹಿ ಮಾಡುವಾಗ ಕೈ ಯಾಕೋ ಬೆವೆತಿತ್ತು.

"ಏಳಕ್ಕೆ ಆಧಾರ ಏನ್ರೀ ಮೇಷ್ಟ್ರೇ?"
ಬೋರಲಿಂಗೇಗೌಡರು ಕೇಳಿದರು, ಬಹಳ ಮೆತ್ತಗೆ.
ಅವರ ಹಸಿರು ಪೆನ್ನು
ನೀರಿನ ಲೋಟಕ್ಕೆ ಒರಗಿಕೊಂಡಿತ್ತು.

ಪೀಠಿಕೆ ಚೆನ್ನಾಗಿದೆ ಸಾರ್, ಅಂದೆ.
ಮುಂದಿನ ಪತ್ರಿಕೆ ಎಳೆದುಕೊಂಡೆ: ದೊಣ್ಣೆ.