ಹೆಸರಿಲ್ಲದ ಬ್ಯಾಡ್ಜು

ಸೋಮವಾರಪೇಟೆ ಆಸ್ಪತ್ರೆಯ ಎಕ್ಸ್-ರೇ ಕೋಣೆಗೆ
ಮೂರು ಬ್ಯಾಡ್ಜು:
ನನ್ನದೊಂದು, ಬಿದ್ದಪ್ಪ ಡಾಕ್ಟರದೊಂದು,
ಮೂರನೆಯದಕ್ಕೆ ಹೆಸರಿಲ್ಲ, ತೂಗಲು ಎದೆಯಿಲ್ಲ.
ಸ್ಟೋರಿನ ಗೋಡೆಯ ಮೊಳೆಯೇ ಅದರ ಡ್ಯೂಟಿ.
ಮೆಷಿನ್ನಿನ ಕಿರಣ ಕಾಣದ ಜಾಗದಲ್ಲಿ ಸುಮ್ಮನಿದ್ದು
ಊರಿಗೆ ಊರೇ ಉಣ್ಣುವ ಪಾಲೆಷ್ಟೆಂದು ಅದು ಹೇಳಬೇಕು;
ನಮ್ಮ ಲೆಕ್ಕದಿಂದ ಅಷ್ಟನ್ನು ಕಳೆಯುತ್ತಾರೆ.
ಉಳಿದದ್ದು ಕೆಲಸದ್ದು.

ಮೂರು ತಿಂಗಳಿಗೊಮ್ಮೆ ಲಕೋಟೆ ಹೋಗುತ್ತದೆ,
ಕಾಗದ ಬರುತ್ತದೆ:
ಚೋಂದಮ್ಮ, ಟೆಕ್ನೀಷಿಯನ್, ಸೊನ್ನೆ.
ಮೆಣಸಿನ ಏಣಿಯಿಂದ ಬಿದ್ದವರು,
ಆನೆ ದೂಡಿದ ಸೊಂಟ, ಕೆಮ್ಮುವ ಎದೆಗಳು,
ದಿನಕ್ಕೆ ನಲವತ್ತು;
ಸೀಸದ ಏಪ್ರನ್ನಿನ ಗೀರು ಹೆಗಲ ಮೇಲೆ.
ಆದರೂ ಸೊನ್ನೆ.
'ಪುಣ್ಯವಂತೆ ನೀನು' ಎಂದರು ಡಾಕ್ಟರು.
ನನಗೆ ಮಾತ್ರ ಹಾಜರಿ ಹಾಕದೆ ಬಿಟ್ಟಂತೆ.

ಒಂದು ಸಲ ಕಾಗದದ ಕೆಳಗೆ ಪ್ರಶ್ನೆ:
ನಿಮ್ಮ ಕಂಟ್ರೋಲ್ ಬ್ಯಾಡ್ಜ್ ಎಲ್ಲಿಡುತ್ತೀರಿ?
ಅದು ನಿಮಗಿಂತ ಹೆಚ್ಚು ತಿಂದಿದೆ.

ಹೋಗಿ ನೋಡಿದೆ.
ಮೊಳೆ. ಮೊಳೆಯ ಹಿಂದೆ ಗುಲಾಬಿ ಗ್ರಾನೈಟು,
ರಿಪೇರಿಯ ವರ್ಷ ಹಾಕಿದ್ದು, ಮೂರು ಕಡೆಯೂ,
ಕಪಾಟಿನ ಹಲಗೆಯೂ ಅದೇ.
ಅಂಗೈ ಇಟ್ಟೆ. ತಣ್ಣಗಿತ್ತು.
ಒಳಗೆ ಏನೋ ಸವೆಯುತ್ತಲೇ ಇದೆ,
ಪುಷ್ಪಗಿರಿಗೆ ಯಾರೂ ಹೆಸರಿಡುವ ಮೊದಲಿನಿಂದ,
ಒಂದು ಸಿ.ಎಲ್. ಕೂಡ ಹಾಕದೆ.

ಎರಡನೇ ಕ್ಲಾಸಿನ ಕಳೆಯುವ ಲೆಕ್ಕ ನೆನಪಾಯಿತು:
ಮೂರರಲ್ಲಿ ಐದು ಹೋಗದು, ಪಕ್ಕದ ಮನೆಯಿಂದ ಸಾಲ ತಾ.
ಪಕ್ಕದ ಮನೆಯಲ್ಲಿ ಯಾರೂ ಇರಲಿಲ್ಲ.
ನನ್ನ ಅಂಕಿಯನ್ನು ಕಲ್ಲು ತಿಂದು
ಬಾಯಿ ಒರೆಸಿಕೊಂಡಿತ್ತು.

ಬ್ಯಾಡ್ಜಿಗೆ ವರ್ಗವಾಯಿತು, ಆಫೀಸಿನ ಮರದ ಪೆಟ್ಟಿಗೆಗೆ.
ಕಕ್ಕಡ ಕಳೆದ ಮೇಲೆ ಕಾಗದ:
ಚೋಂದಮ್ಮ, ಸೊನ್ನೆ ಬಿಂದು ಒಂದು ಐದು.
ಹೆದರುವಷ್ಟಿಲ್ಲ, ಮಿತಿಯ ಪಾದಕ್ಕೂ ಬಾರದು.
ಬಸ್ಸಿನಲ್ಲಿ ಎರಡು ಸಲ ಹೇಳಿಕೊಂಡೆ,
ಎಳೆಗೂಸಿನ ತೂಕ ಹೇಳುವ ಹಾಗೆ.

ಮೊನ್ನೆ ಆ ಕಲ್ಲು ಕೂರಿಸಿದ ಸೆಂಗೋಡ ಬಂದಿದ್ದ,
ಮಣಿಕಟ್ಟು ಊದಿಸಿಕೊಂಡು.
ನಾನು ಏಪ್ರನ್ ಕಟ್ಟುವಾಗ ಎದೆಯ ಕಾರ್ಡು ನೋಡಿ ಕೇಳಿದ:
'ಅದೇನಕ್ಕ, ಪಾಸಾ?'
ಹೌದು ಎಂದೆ. ಯಾಕೆ ಹಾಗೆಂದೆನೋ.
ಕೈ ಅಲುಗಿಸಬೇಡ ಎಂದೆ.
ಅವನ ಜೇಬಿನ ಹೊಲಿಗೆಯಲ್ಲಿ ಗುಲಾಬಿ ಪುಡಿ,
ಎಷ್ಟು ಒಗೆದರೂ ಹೋಗದ್ದು.